ಹಕ್ಕಿ ಕಾಯುವವರು, ಹಕ್ಕಿ ನೋಡುವವರು

ನಮ್ಮ ಕೇರಿಯಲ್ಲಿ ‘ಹಕ್ಕಿ ನೋಡಾಕ ಹೊಂಟೀನಿ’ ಅಂತ ಯಾರೂ ಅಂದಿದ್ದನ್ನು ನಾನು ಕೇಳಿಲ್ಲ. ‘ಹಕ್ಕಿ ಕಾಯಾಕ ಹೊಂಟೀನಿ’ ಅನ್ನುವ ಮಾತು ಮಾತ್ರ ಗೊತ್ತು.

ನಮ್ಮ ಮುತ್ಯಾ ಹತ್ತು ವರ್ಷದ ಹುಡುಗ ಇದ್ದಾಗಿನಿಂದ ಹುನಗುಂದ ಕಡೆಯ ಒಂದು ಎರೆ ಹೊಲದಲ್ಲಿ ಜೀತಕ್ಕಿದ್ದ. ಹಿಂಗಾರಿ ಜೋಳ ತೆನೆ ಹಾಯ್ದು ಹಾಲುಗಟ್ಟುವ ಹೊತ್ತಿಗೆ ಅವನನ್ನು ಹೊಲದ ನಡುವಿನ ಅಟ್ಟಣೆ ಹತ್ತಿಸುತ್ತಿದ್ದರು. ಕೈಯಲ್ಲಿ ಕವಣೆ, ಉಡಿಯಲ್ಲಿ ಕಲ್ಲು, ಪಕ್ಕದಲ್ಲಿ ಬಡಿಯೋಕೆ ಒಂದು ತಗಡಿನ ಡಬ್ಬಿ. ನಸುಕಿನಿಂದ ಹೊತ್ತು ಏರುವ ತನಕ, ಮತ್ತೆ ಹೊತ್ತು ಇಳಿದಾಗಿನಿಂದ ಕತ್ತಲಾಗುವ ತನಕ ಕಾಯಬೇಕು. ಗುಬ್ಬಿ ಬರುವ ರೀತಿ ಬೇರೆ, ಗಿಳಿ ಬರುವ ರೀತಿ ಬೇರೆ, ಗೀಜಗನದು ಇನ್ನೊಂದು ಥರ. ಅವನು ನಿಜಕ್ಕೂ ಅಂಜುತ್ತಿದ್ದದ್ದು ಚಳಿಗಾಲಕ್ಕೆ ಮೋಡದ ಹಾಗೆ ಬಂದಿಳಿಯುತ್ತಿದ್ದ ಒಂದು ಹಕ್ಕಿಗೆ. ಮೈಯೆಲ್ಲ ಗುಲಾಬಿ, ತಲೆ ರೆಕ್ಕೆ ಕಪ್ಪು. ಒಂದು ಗುಂಪು ಇಳಿದು ಎದ್ದರೆ ಜೋಳದ ಸಾಲಿಗೆ ಸಾಲೇ ಬೋಳು. ತೆನೆ ಬೋಳಾದ ದಿನ ಹೊಲದ ಯಜಮಾನ ಲೆಕ್ಕ ಹಾಕುತ್ತಿದ್ದ. ತೆನೆಯ ಲೆಕ್ಕ ಹುಡುಗನ ಬೆನ್ನ ಮೇಲೆ ಬಾರುಕೋಲಿನಲ್ಲಿ ತೀರುತ್ತಿತ್ತು.

‘ಅವು ಎಲ್ಲಿಂದ ಬರ್ತಿದ್ವು ಮುತ್ಯಾ?’ ಅಂತ ನಾನು ಸಣ್ಣವನಿದ್ದಾಗ ಕೇಳಿದರೆ, ‘ಬಡಗಣ ದಿಕ್ಕಿಂದ, ಭಾಳ ದೂರದಿಂದ. ಈ ದೇಶದವು ಅಲ್ಲ ಅವು’ ಅಂತಿದ್ದ. ಶಾಲೆಯ ಮುಖ ನೋಡದ ಮನುಷ್ಯ. ಕಾಲೇಜು ಸೇರಿದ ಮೇಲೆ ಪುಸ್ತಕ ತೆರೆದು ನೋಡಿದೆ. ಗುಲಾಬಿ ಕಬ್ಬಕ್ಕಿ. ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದ ಹುಲ್ಲುಗಾವಲುಗಳವರೆಗೆ, ಮಿಡತೆ ಹೆಚ್ಚಿದ ಕಡೆ ಹಿಂಡು ಹಿಂಡಾಗಿ ಮರಿ ಮಾಡಿ, ಚಳಿಗೆ ನಮ್ಮ ದಖ್ಖನಿಗೆ ಇಳಿಯುತ್ತದೆ. ಮುತ್ಯಾ ಹೇಳಿದ್ದು ಸರಿಯಿತ್ತು. ಅಷ್ಟು ಹೊತ್ತಿಗೆ ಅವನು ತೀರಿಕೊಂಡಿದ್ದ. 1976ರಲ್ಲಿ ಜೀತ ರದ್ದಿನ ಕಾಯಿದೆ ಬಂದಾಗ ಅವನ ಅರ್ಧ ಆಯುಷ್ಯ ಅಟ್ಟಣೆಯ ಮೇಲೆಯೇ ಕಳೆದುಹೋಗಿತ್ತು.

ಈಗ ಇನ್ನೊಬ್ಬ ಹುಡುಗನ ಕಥೆ. 1908ರಲ್ಲಿ ಮುಂಬೈಯಲ್ಲಿ ಒಬ್ಬ ಹುಡುಗ ತನ್ನ ಛರ್ರೆ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕುತ್ತಿಗೆಯ ಮೇಲೆ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಅಂತ ಕೇಳಲು ಅವನ ಸೋದರಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿದ್ದ ಮಿಲ್ಲಾರ್ಡ್ ಎಂಬ ಇಂಗ್ಲಿಷರವ ಡ್ರಾಯರು ಡ್ರಾಯರು ತೆರೆದು ಸಾವಿರಾರು ಹಕ್ಕಿಗಳನ್ನು ತೋರಿಸಿದ. ಆ ಹುಡುಗ ಸಲೀಂ ಅಲಿ. ನಾನು ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ತಂದೆ ತಾಯಿ ಇಲ್ಲದೆ ಬೆಳೆದ ಹುಡುಗ ಅವರು. ಈ ದೇಶದ ಹಕ್ಕಿಗಳಿಗೆ ಅವರಷ್ಟು ದುಡಿದವರು ಇನ್ನೊಬ್ಬರಿಲ್ಲ. ನಾನು ಕೇಳುತ್ತಿರುವುದು ಬೇರೆ. ಎರಡು ಹುಡುಗರು, ಇಬ್ಬರೂ ಹಕ್ಕಿಗೆ ಗುರಿ ಇಟ್ಟವರು. ಒಬ್ಬನಿಗೆ ಡ್ರಾಯರು ತೆರೆಯಿತು. ಇನ್ನೊಬ್ಬನಿಗೆ ಬಾರುಕೋಲು ಬಿತ್ತು. ಇಬ್ಬರ ಕಣ್ಣೂ ಒಂದೇ ಥರ ಚುರುಕಾಗಿದ್ದವಲ್ಲ, ಹಾಗಾದರೆ ನೋಡುವುದು ಅಂದರೆ ಏನು? ಅದು ಕಣ್ಣಿನ ಕೆಲಸವೋ, ನಿಂತ ಜಾಗದ ಕೆಲಸವೋ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಹೋದ ವರ್ಷದ ಮಾರ್ಚ್ ತಿಂಗಳಲ್ಲಿ ಗೋವಾಕ್ಕೆ ಹೋದಾಗ ಬಂತು.

ನಮ್ಮ ಅಣ್ಣ ದಕ್ಷಿಣ ಗೋವಾದ ಒಂದು ದೊಡ್ಡ ಹೋಟೆಲಿನ ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಕೆಲಸಕ್ಕಿದ್ದಾನೆ. ಹೋಟೆಲಿನ ಹೆಸರು ಬರೆಯುವುದಿಲ್ಲ. ಅಣ್ಣನ ಕೂಲಿ ಅಲ್ಲಿದೆ. ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕಡೆಯ ಜನ ಗೋವಾಕ್ಕೆ ದುಡಿಯಲು ಹೋಗುವುದು ಇವತ್ತು ನಿನ್ನೆಯದಲ್ಲ. ರಸ್ತೆ ಹಾಕಿದವರು, ಬಂದರಿನಲ್ಲಿ ಹೊತ್ತವರು, ಹೋಟೆಲು ಕಟ್ಟಿದವರು ನಾವು. ಘಟ್ಟ ಇಳಿದು ಬಂದವರು ಅಂತ ಅಲ್ಲಿ ನಮ್ಮನ್ನು ‘ಘಾಟಿ’ ಅಂತ ಕರೆಯುತ್ತಾರೆ. ಅದು ಬರೀ ದಿಕ್ಕಿನ ಹೆಸರಲ್ಲ, ಬೈಗುಳ. 2004ರ ಜೂನ್ ತಿಂಗಳಲ್ಲಿ ವಾಸ್ಕೋದ ಬೈನಾ ಕಡಲ ದಂಡೆಯ ಗುಡಿಸಲುಗಳ ಮೇಲೆ ಬುಲ್ಡೋಜರ್ ಹರಿದಾಗ ಬೀದಿಗೆ ಬಿದ್ದವರಲ್ಲಿ ಬಹಳಷ್ಟು ಮಂದಿ ಕನ್ನಡದಲ್ಲೇ ಅತ್ತರು. ಸಮುದ್ರ ನೋಡುವ ಜಾಗದಲ್ಲಿ ಬಡವರ ಮನೆ ಇರಬಾರದು ಅನ್ನುವುದು ಎಲ್ಲೂ ಬರೆದಿಲ್ಲ. ಎಲ್ಲ ಕಡೆ ಜಾರಿಯಲ್ಲಿದೆ.

ನನ್ನ ಹತ್ತಿರ ಕಾಲೇಜಿನ ಒಬ್ಬ ಸರ್ ಕೊಟ್ಟ ಹಳೆಯ ದುರ್ಬೀನು ಇತ್ತು. ಅಣ್ಣ ಕೆಲಸಕ್ಕೆ ಹೋದರೆ ನಾನು ದಂಡೆಗೆ ಹೋಗುತ್ತಿದ್ದೆ. ಎಡಕ್ಕೆ ಸಮುದ್ರ, ಬಲಕ್ಕೆ ಗಾಳಿಮರದ ಸಾಲು, ಅದರಾಚೆ ತಂತಿಬೇಲಿ, ಬೇಲಿಯಾಚೆ ಆ ಹಸಿರು. ಗೆಳೆಯರೇ, ಅಂಥ ಹಸಿರನ್ನು ನಾನು ನೋಡಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಚೆಂದವೇ ಇತ್ತು. ನಮ್ಮೂರಿನಲ್ಲಿ ಯುಗಾದಿ ಹೊತ್ತಿಗೆ ಎರೆ ಬಿರುಕು ಬಿಟ್ಟು ಕಾಲು ಸಿಕ್ಕಿಕೊಳ್ಳುತ್ತದೆ. ಇಲ್ಲಿ ಅದೇ ಮಾರ್ಚಿನಲ್ಲಿ ನೀರಿನ ಕಾರಂಜಿ ಸುತ್ತುತ್ತಾ ಹುಲ್ಲಿಗೆ ಸ್ನಾನ ಮಾಡಿಸುತ್ತಿರುತ್ತದೆ. ಆ ಹುಲ್ಲನ್ನು ದನ ಮೇಯುವುದಿಲ್ಲ, ಅದು ಹೂ ಬಿಡುವುದಿಲ್ಲ, ಕಾಳು ಕಟ್ಟುವುದಿಲ್ಲ. ಹಾಗೆ ಆಗದಂತೆ ನೋಡಿಕೊಳ್ಳುವುದೇ ಅಣ್ಣನ ಕೆಲಸ.

ಒಂದು ತಮಾಷೆ ಕೇಳಿ. ಗಾಲ್ಫಿನಲ್ಲಿ ಚೆಂಡನ್ನು ಕುಳಿಗೆ ಹಾಕಲು ಇಷ್ಟು ಹೊಡೆತ ಅಂತ ಒಂದು ಲೆಕ್ಕವಿರುತ್ತದೆ. ಅದಕ್ಕಿಂತ ಒಂದು ಹೊಡೆತ ಕಡಿಮೆಯಲ್ಲಿ ಹಾಕಿದರೆ ‘ಬರ್ಡಿ’, ಎರಡು ಕಡಿಮೆಯಾದರೆ ‘ಈಗಲ್’, ಮೂರಾದರೆ ‘ಅಲ್ಬಟ್ರಾಸ್’. ಮರಿಹಕ್ಕಿ, ಗಿಡುಗ, ಕಡಲಹಕ್ಕಿ. ನಮ್ಮ ಮುತ್ಯಾನಿಗೂ ಹಕ್ಕಿಯ ಲೆಕ್ಕವಿತ್ತು, ಇವರಿಗೂ ಇದೆ. ಇವರದು ಕಾರ್ಡಿನ ಮೇಲೆ ಇರುತ್ತದೆ.

ದಂಡೆಯ ಹಕ್ಕಿಗಳ ಬಗ್ಗೆ ಹೇಳಬೇಕು. ಅಲೆ ಹಿಂದೆ ಸರಿದ ಕೂಡಲೇ ಒದ್ದೆ ಮರಳ ಮೇಲೆ ಓಡಿ ಬಂದು, ಅಲೆ ಬಂದ ಕೂಡಲೇ ಹಿಂದಕ್ಕೆ ಓಡುವ ಸಣ್ಣ ಹಕ್ಕಿಗಳಿದ್ದವು. ಅಂಗೈಯಗಲದ ಬೂದುಬಣ್ಣದ ಜೀವ. ಸ್ಯಾಂಡ್ ಪ್ಲೋವರ್ ಅನ್ನುತ್ತಾರೆ. ಟಿಬೆಟಿನ, ಮಧ್ಯ ಏಷ್ಯಾದ ಎತ್ತರದ ಬಯಲಿನಲ್ಲಿ ಮೊಟ್ಟೆಯಿಟ್ಟು, ಹಿಮಾಲಯ ದಾಟಿ ಈ ದಂಡೆಗೆ ಬರುತ್ತವೆ. ಮಾರ್ಚಿನಲ್ಲಿ ಅವುಗಳಲ್ಲಿ ಕೆಲವಕ್ಕೆ ಎದೆಯ ಮೇಲೆ ಇಟ್ಟಿಗೆ ಬಣ್ಣ ಏರುತ್ತಿರುತ್ತದೆ, ಊರಿಗೆ ಮರಳುವ ತಯಾರಿ. ಅವೂ ಘಟ್ಟ ಇಳಿದು ಬಂದ ಘಾಟಿಗಳೇ ಅನ್ನಿಸಿ ನಗು ಬಂತು. ಮೇಲೆ ಗಾಳಿಮರದ ತುದಿಯಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕೂತಿತ್ತು. ಅದು ರೆಕ್ಕೆ ಬಿಚ್ಚಿದಾಗ ನನ್ನ ಎದೆ ಒಂದು ಗಳಿಗೆ ನಿಂತಿತು. ಆ ಗಳಿಗೆಯಲ್ಲಿ ನಾನು ದಲಿತನೂ ಅಲ್ಲ, ಪದವೀಧರನೂ ಅಲ್ಲ, ಯಾರ ತಮ್ಮನೂ ಅಲ್ಲ. ಬರೀ ಎರಡು ಕಣ್ಣು.

ಆ ಎರಡು ಕಣ್ಣಿನ ಮೇಲೆ ಕೈ ಬಿತ್ತು. ಹೋಟೆಲಿನ ಕಾವಲುಗಾರ.

‘ಕಿಸ್ಕಾ ಹೈ ಯೇ?’ ದುರ್ಬೀನು ಯಾರದು ಅಂತ. ನನ್ನದು ಅಂದೆ. ನಂಬಲಿಲ್ಲ. ಇಲ್ಲೇನು ನೋಡ್ತೀಯ, ಮೈದಾನದಲ್ಲಿ ಹೆಂಗಸರಿದ್ದಾರೆ, ಅಂತ ಕೇಳಿದ. ಹಕ್ಕಿ ಅಂದೆ. ಅವನು ನನ್ನ ಚಪ್ಪಲಿ ನೋಡಿದ. ಗೆಳೆಯರೇ, ಮನುಷ್ಯ ಹಕ್ಕಿ ನೋಡುವವನು ಹೌದೋ ಅಲ್ಲವೋ ಅನ್ನುವುದು ಚಪ್ಪಲಿಯಲ್ಲಿ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಮೊಳದುದ್ದದ ಕ್ಯಾಮೆರಾ ಹಿಡಿದ ಗಂಡ ಹೆಂಡತಿ ಇಬ್ಬರು ನಮ್ಮನ್ನು ದಾಟಿ, ಬೇಲಿಯ ತನಕ ಹೋಗಿ, ಕ್ಯಾಮೆರಾವನ್ನು ಮೈದಾನದ ಒಳಗೇ ತಿರುಗಿಸಿದರು. ಕಾವಲುಗಾರ ಅವರಿಗೆ ಸಲಾಮು ಹೊಡೆದ. ನನಗೆ ಫೋನು ತೆಗೆದು ಫೋಟೋಗಳನ್ನು ತೋರಿಸು ಅಂದ. ತೋರಿಸಿದೆ. ಅಣ್ಣನ ಕೆಲಸ ನೆನಪಾಯಿತು, ತೋರಿಸಿದೆ.

ಹೀಗೆ ಆಗುವುದು ಇಲ್ಲಿ ಮಾತ್ರವಲ್ಲ. 2020ರ ಮೇ 25ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕ್ರಿಶ್ಚಿಯನ್ ಕೂಪರ್ ಎಂಬ ಕಪ್ಪು ಜನಾಂಗದ ಹಕ್ಕಿವೀಕ್ಷಕ ಒಬ್ಬ ಬಿಳಿ ಹೆಂಗಸಿಗೆ ನಿಮ್ಮ ನಾಯಿಗೆ ಹಗ್ಗ ಕಟ್ಟಿ ಅಂದ. ಅಲ್ಲಿನ ನಿಯಮವೇ ಅದು. ಆಕೆ ಕಪ್ಪು ಗಂಡಸೊಬ್ಬ ನನಗೆ ಬೆದರಿಕೆ ಹಾಕುತ್ತಿದ್ದಾನೆ ಅಂತ ಪೊಲೀಸರಿಗೆ ಫೋನು ಮಾಡಿದಳು. ಅದೇ ದಿನ ಮಿನಿಯಾಪೊಲಿಸ್ ಊರಿನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದ. ಕೂಪರನ ಕೈಯಲ್ಲಿದ್ದದ್ದು ದುರ್ಬೀನು. ಕರಿಯ ಕೈಯಲ್ಲಿ ಅದು ಏನಾಗಿ ಕಾಣುತ್ತದೆ ಅನ್ನುವುದು ನೋಡುವವರ ಮೇಲಿದೆ.

ದಂಡೆ ಯಾರದು? ಕಾಗದದಲ್ಲಿ ನಮ್ಮದು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಎರಡು ಹೋಟೆಲುಗಳ ನಡುವೆ ಕನಿಷ್ಠ 20 ಮೀಟರ್ ಜಾಗ ಬಿಟ್ಟು ಜನರಿಗೆ ಕಡಲಿಗೆ ದಾರಿ ಇರಬೇಕು ಅಂತ ಹೇಳಿತ್ತು. ಗೋವಾದಲ್ಲೇ ದೋನಾ ಪಾವ್ಲಾ ಹತ್ತಿರದ ವೈಂಗಿಣಿ ತೀರಕ್ಕೆ ಹೋಗುವ ದಾರಿಯ ಮೇಲೆ ಒಂದು ಹೋಟೆಲು ಕಟ್ಟಡ ಕಟ್ಟಿದ ಮೊಕದ್ದಮೆ ವರ್ಷಗಟ್ಟಲೆ ನಡೆದು, 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜನರ ಪರವಾಗಿ ತೀರ್ಪು ಕೊಟ್ಟಿತು. ಇಂಥ ಸಂಪತ್ತು ಸರ್ಕಾರದ ಕೈಯಲ್ಲಿ ಜನರ ಪರವಾಗಿ ಇಟ್ಟ ಠೇವಣಿ ಅನ್ನುವ ತತ್ವವನ್ನು ಕೋರ್ಟು ಎತ್ತಿ ಹಿಡಿಯಿತು. ಒಳ್ಳೆಯದು. ಆದರೆ ತೀರ್ಪನ್ನು ಜೇಬಿನಲ್ಲಿಟ್ಟುಕೊಂಡು ಹೋದರೂ ಕಾವಲುಗಾರ ಚಪ್ಪಲಿಯನ್ನೇ ನೋಡುತ್ತಾನೆ.

ಮಹಾಡಿನ ಕೆರೆ ನೆನಪಾಗದೆ ಇರುವುದಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಅಂತ ಮುಂಬೈ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಆಗಲಿ ಅಂದಿತ್ತು. ಕಾಗದ ಇತ್ತು, ನೀರು ಸಿಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಚವದಾರ್ ಕೆರೆಯ ನೀರು ಮುಟ್ಟಬೇಕಾಯಿತು. ದನ ಕುಡಿಯುತ್ತಿದ್ದವು, ನಾಯಿ ಕುಡಿಯುತ್ತಿದ್ದವು, ಹಕ್ಕಿ ಕುಡಿಯುತ್ತಿದ್ದವು. ಯಾವುದರಿಂದಲೂ ಕೆರೆ ಮೈಲಿಗೆಯಾಗಿರಲಿಲ್ಲ. ಮನುಷ್ಯರು ಮುಟ್ಟಿದ ಮೇಲೆ ಸೆಗಣಿ ಗಂಜಲ ಹಾಕಿ ಶುದ್ಧ ಮಾಡಿದರು. ಬೇಲಿಯ ಈಚೆ ನಿಂತು, ಬೇಲಿಯಾಚೆಯ ಕೊಳದಲ್ಲಿ ಬೆಳ್ಳಕ್ಕಿ ನೀರು ಕುಡಿಯುವುದನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಗಬೇಡಿ. ಹಕ್ಕಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ನಮ್ಮಲ್ಲಿ ಹಳೆಯ ಕಾಯಿಲೆ.

ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆ ಪ್ರಕಾರ ಯಾರು ಬೇಕಾದರೂ ಗಾಲ್ಫ್ ಮೈದಾನವನ್ನು ದಾಟಿ ಹೋಗಬಹುದು. ಚೆಂಡು ಬೀಳುವ ಕುಳಿಯ ಸುತ್ತಲಿನ ನುಣುಪು ಹುಲ್ಲು ತುಳಿಯಬಾರದು, ಅಷ್ಟೆ. ಅಂಥ ದೇಶದಲ್ಲೂ ಎಲ್ಲ ಸರಿಯಿಲ್ಲ. ಅಬರ್ಡೀನಿನ ಉತ್ತರಕ್ಕೆ ಮೆನಿ ಎಂಬಲ್ಲಿ ಗಾಳಿಗೆ ಜಾಗ ಬದಲಿಸುವ ಮರಳ ದಿಬ್ಬಗಳಿದ್ದವು, ಕಾನೂನಿನ ರಕ್ಷಣೆ ಇದ್ದ ಜಾಗ. ಡೊನಾಲ್ಡ್ ಟ್ರಂಪ್ ಅಲ್ಲಿ ಗಾಲ್ಫ್ ಮೈದಾನ ಮಾಡುತ್ತೇನೆ ಅಂದ. ಸ್ಥಳೀಯ ಸಮಿತಿ 2007ರಲ್ಲಿ ಬೇಡ ಅಂತು, ಮೇಲಿನ ಸರ್ಕಾರ 2008ರಲ್ಲಿ ಆಗಲಿ ಅಂತು, 2012ರಲ್ಲಿ ಮೈದಾನ ತೆರೆಯಿತು. ಮೈಕೇಲ್ ಫೋರ್ಬ್ಸ್ ಎಂಬಾತ ತನ್ನ ಜಮೀನು ಮಾರುವುದಿಲ್ಲ ಅಂತ ಕೂತ. ಅವನ ಮನೆ ಹೊಲಸು ಅಂತ ಟ್ರಂಪ್ ಊರಿಗೆಲ್ಲ ಸಾರಿದ. ನಮಗೆ ಈ ಮಾತು ಹೊಸದಲ್ಲ, ಜಾಗ ಬೇಕಾದಾಗ ಅಲ್ಲಿದ್ದವನು ಮೊದಲು ಹೊಲಸಾಗುತ್ತಾನೆ. 2020ರ ಡಿಸೆಂಬರಿನಲ್ಲಿ ಆ ದಿಬ್ಬಗಳಿಗಿದ್ದ ರಕ್ಷಣೆಯ ಮಾನ್ಯತೆಯನ್ನೇ ತೆಗೆದರು. ರಕ್ಷಿಸುವಷ್ಟು ಏನೂ ಉಳಿದಿರಲಿಲ್ಲ.

ಇನ್ನು ಹೆಸರಿನ ವಿಷಯ. ಇದನ್ನು ಬರೆಯಲೆಂದೇ ನಾನು ಪೆನ್ನು ಹಿಡಿದದ್ದು, ಉಳಿದದ್ದು ಬರೆಯುತ್ತಾ ಬಂತು.

ಸಂಜೆ ರಂಪೋಣಿ ಬಲೆ ಎಳೆಯುವ ಹೊತ್ತಿಗೆ ದಂಡೆಯ ಮೇಲೆ ಎರಡು ಥರದ ಹದ್ದು ಸೇರುತ್ತವೆ. ಒಂದು ಇಟ್ಟಿಗೆಗೆಂಪು ಮೈ, ಬಿಳಿ ತಲೆ ಬಿಳಿ ಎದೆ. ನಮ್ಮ ಜನ ಗರುಡ ಅಂತ ಕೈ ಮುಗಿಯುವುದು ಇದಕ್ಕೆ. ಇನ್ನೊಂದು ಮಾಸಲು ಕಂದು, ಸೀಳಿದ ಬಾಲ. ಊರ ಮೇಲೆ, ಕಸದ ಮೇಲೆ, ಕಸಾಯಿಖಾನೆಯ ಮೇಲೆ ಸುತ್ತುವ ಹದ್ದು. ಕಾಲೇಜು ಲೈಬ್ರರಿಯ ಹಳೆಯ ಇಂಗ್ಲಿಷ್ ಪಕ್ಷಿಪುಸ್ತಕದಲ್ಲಿ ಇವೆರಡರ ಹೆಸರು ನೋಡಿದ ದಿನ ನಾನು ಪುಸ್ತಕ ಮುಚ್ಚಿ ಹೊರಗೆ ಬಂದು ನಲ್ಲಿಯ ನೀರು ಕುಡಿದೆ. ಮೊದಲನೆಯದು ‘ಬ್ರಾಹ್ಮಿಣಿ ಕೈಟ್’. ಎರಡನೆಯದು ‘ಪರಯ್ಯ ಕೈಟ್’. ಅಂದರೆ ಹೊಲೆಯ ಹದ್ದು. ತಮಿಳುನಾಡಿನಲ್ಲಿ ಪರೈ ವಾದ್ಯ ಬಾರಿಸುವ ನಮ್ಮಂಥವರ ಜಾತಿಯ ಹೆಸರು ಇಂಗ್ಲಿಷಿಗೆ ಹೋಗಿ, ಎಲ್ಲರೂ ದೂರವಿಟ್ಟವನು ಅನ್ನುವ ಅರ್ಥವಾಗಿ, ಅಲ್ಲಿಂದ ಒಂದು ಹಕ್ಕಿಯ ಮೈಮೇಲೆ ಕೂತಿತು. ಮನುಷ್ಯರಿಗೆ ಹಚ್ಚಿದ್ದು ಸಾಲದೆ ಆಕಾಶಕ್ಕೂ ಜಾತಿ ಹಚ್ಚಿದರು. ಇನ್ನೊಂದು ಸೋಜಿಗವೆಂದರೆ 1832ರಲ್ಲಿ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ದಖ್ಖನಿನ ಇದೇ ಹೊಲೆಯ ಹದ್ದಿಗೆ ಇಟ್ಟ ಲ್ಯಾಟಿನ್ ಹೆಸರಿನಲ್ಲಿ ‘ಗೋವಿಂದ’ ಅಂತ ಇದೆ. ಗುಡಿಯೊಳಗೆ ಬಿಡದವನ ಹೆಸರು ಗೋವಿಂದ ಅಂತ ಇರುವುದು ನಮ್ಮೂರಲ್ಲೂ ಉಂಟು.

ಸರಿ, ಇವೆರಡೂ ತಿನ್ನುವುದೇನು? ನಾನು ನಾಲ್ಕು ಸಂಜೆ ಕೂತು ನೋಡಿದೆ. ಬಲೆಯಿಂದ ಎಸೆದ ಸತ್ತ ಮೀನು, ಕೊಳೆತ ಏಡಿ, ಮೀನಿನ ಕರುಳು. ಬ್ರಾಹ್ಮಣ ಹದ್ದೂ ಅದನ್ನೇ ತಿನ್ನುತ್ತದೆ, ಹೊಲೆಯ ಹದ್ದೂ ಅದನ್ನೇ ತಿನ್ನುತ್ತದೆ. ಒಂದೇ ಕರುಳಿಗೆ ಎರಡೂ ಕಾಲು ಹಾಕಿ ಜಗಳಾಡಿದ್ದನ್ನೂ ನೋಡಿದೆ. ಬಂದರುಗಳಲ್ಲಿ ಗರುಡನ ಮುಖ್ಯ ಉದ್ಯೋಗ ಸತ್ತದ್ದನ್ನು ಎತ್ತುವುದೇ. ಸತ್ತದ್ದನ್ನು ಎತ್ತಿದ್ದಕ್ಕೆ ಒಬ್ಬನಿಗೆ ಪೂಜೆ, ಒಬ್ಬನಿಗೆ ಬಹಿಷ್ಕಾರ. ವ್ಯತ್ಯಾಸ ಇದ್ದದ್ದು ಬಿಳಿ ಎದೆಯಲ್ಲಿ. ಈಗಿನ ಪುಸ್ತಕಗಳಲ್ಲಿ ಪರಯ್ಯ ಅನ್ನುವ ಮಾತು ಬಹುಮಟ್ಟಿಗೆ ಹೋಗಿದೆ, ‘ಬ್ಲ್ಯಾಕ್ ಕೈಟ್’ ಅನ್ನುತ್ತಾರೆ. ಬ್ರಾಹ್ಮಿಣಿ ಮಾತ್ರ ಹಾಗೇ ಇದೆ. ಅಮೆರಿಕದ ಪಕ್ಷಿವಿಜ್ಞಾನಿಗಳ ಸಂಘ, ಗುಲಾಮರನ್ನು ಇಟ್ಟುಕೊಂಡವರ, ಗುಲಾಮಗಿರಿಗಾಗಿ ಕಾದಾಡಿದವರ ಹೆಸರು ಹಕ್ಕಿಗಳ ಮೇಲೆ ಇದೆ ಅನ್ನುವ ಜಗಳ ಎದ್ದ ಮೇಲೆ, ವ್ಯಕ್ತಿಗಳ ಹೆಸರಿನ ಹಕ್ಕಿಗಳಿಗೆಲ್ಲ ತಮ್ಮ ಕಡೆ ಬೇರೆ ಹೆಸರಿಡುತ್ತೇವೆ ಅಂತ 2023ರಲ್ಲಿ ಹೇಳಿತು. ನಮ್ಮಲ್ಲಿ ಕೆಳಗಿನ ಹೆಸರನ್ನು ಮುಚ್ಚಿ ಮೇಲಿನ ಹೆಸರನ್ನು ಉಳಿಸಿಕೊಳ್ಳುತ್ತೇವೆ. ಕೆಳಗಿನದು ಇಲ್ಲದಿದ್ದರೆ ಮೇಲಿನದಕ್ಕೆ ಅರ್ಥವೇ ಇಲ್ಲ ಅನ್ನುವುದು ಯಾರಿಗೂ ಹೊಳೆದಿಲ್ಲ.

ಸತ್ತದ್ದನ್ನು ಎತ್ತುವವರ ಬೆಲೆ ಅವರು ಹೋದ ಮೇಲೆ ಗೊತ್ತಾಗುತ್ತದೆ. ನಮ್ಮ ಹಿರಿಯರು ಊರಿನ ಸತ್ತ ದನ ಹೊತ್ತು ಊರಾಚೆ ಹಾಕಿದರೆ ಮಿಕ್ಕ ಕೆಲಸ ರಣಹದ್ದುಗಳದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಆ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ ಅಂತ 2004ರಲ್ಲಿ ಪತ್ತೆಯಾಯಿತು. ದನಗಳಿಗೆ ಆ ಔಷಧಿಯನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೋಗಿಬಿಟ್ಟಿದ್ದವು. ಹೆಣ ಕೊಳೆತು, ನೀರು ಕೆಟ್ಟು, ನಾಯಿ ಹೆಚ್ಚಿ, 2000ದಿಂದ 2005ರೊಳಗೆ ಈ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜು ಮಾಡಿದರು. ರಣಹದ್ದಿನ ದುಡಿಮೆಗೆ ಲೆಕ್ಕ ಸಿಕ್ಕಿತು, ಸಂತೋಷ. ಅದರ ಜೊತೆ ಹೆಣ ಹೊತ್ತ ಹೆಗಲಿನ ಲೆಕ್ಕ ಇನ್ನೂ ಬಾಕಿ ಇದೆ.

ಗಾಲ್ಫ್ ಮೈದಾನದಲ್ಲೂ ಇಂಥದೇ ಒಂದು ಲೆಕ್ಕ ಉಂಟು. 1984ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕಡಲಂಚಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲಿಗೆ ಡಯಾಜಿನಾನ್ ಎಂಬ ಕೀಟನಾಶಕ ಹಾಕಿದ್ದರು. ಹುಲ್ಲು ಮೇಯಲು ಇಳಿದ ಬ್ರಾಂಟ್ ಎಂಬ ಕಡಲ ಬಾತುಗಳು ಸುಮಾರು 700 ಸತ್ತವು. ಅದರಿಂದ ಎದ್ದ ಗಲಾಟೆಯಲ್ಲಿ ಅಮೆರಿಕ ಸರ್ಕಾರ ಗಾಲ್ಫ್ ಮೈದಾನಗಳಲ್ಲಿ ಆ ವಿಷವನ್ನು ನಿಲ್ಲಿಸಿತು. ಮನೆಗಳಲ್ಲಿ ಬಳಸುವುದು ನಿಲ್ಲಲು 2004ರವರೆಗೆ ಕಾಯಬೇಕಾಯಿತು. ಹೊಲಗಳಲ್ಲಿ ನಿಂತಿಲ್ಲ, ಅಲ್ಲಿ ಸಿಂಪಡಿಸುವವರು ಕೂಲಿಯವರು. ಹಕ್ಕಿಗೆ ಸಿಕ್ಕ ನ್ಯಾಯವನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಹಕ್ಕಿಗೆ ಸಿಗಲಿ. ಅಣ್ಣನೂ ಬೆನ್ನಿಗೆ ಪಂಪು ಕಟ್ಟಿಕೊಂಡು ವಾರಕ್ಕೊಮ್ಮೆ ಏನನ್ನೋ ಸಿಂಪಡಿಸುತ್ತಾನೆ. ಏನದು ಅಂತ ಕೇಳಿದೆ. ‘ಬಿಳೇ ಡಬ್ಬಿ ಔಷಧ’ ಅಂದ. ಹೆಸರು ಇಂಗ್ಲಿಷಿನಲ್ಲಿದೆ, ಡಬ್ಬಿ ಸೂಪರ್‌ವೈಸರ್ ಹತ್ತಿರ ಇರುತ್ತದೆ.

ಈಗ ನನ್ನ ತಪ್ಪಿನ ಕಥೆ.

ಅಣ್ಣನಿಗೆ ಮೈದಾನದ ಅಂಚಿನಲ್ಲಿ ಟಿಟ್ಟಿಭದ ಗೂಡು ಗೊತ್ತಿತ್ತು. ಗೂಡು ಅಂದರೆ ಗೂಡಲ್ಲ, ಬರೀ ನೆಲದ ಮೇಲೆ ನಾಲ್ಕು ಹರಳು ಸರಿಸಿ ಇಟ್ಟ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ. ಪಕ್ಕದಲ್ಲಿ ನಿಂತರೂ ಕಾಣುವುದಿಲ್ಲ. ಬಿಸಿಲು ಹೆಚ್ಚಾದರೆ ತಾಯಿ ಹೋಗಿ ಕೊಳದಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಕೊಡುತ್ತದೆ. ಇದನ್ನು ನನಗೆ ಹೇಳಿದ್ದು ಪುಸ್ತಕವಲ್ಲ, ಅಣ್ಣ. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಂದರೆ ಅವನು ಎರಡು ಮಾರು ಜಾಗ ಬಿಟ್ಟು ತಿರುಗಿಸುತ್ತಿದ್ದ. ಹತ್ತು ದಿನದಿಂದ ಹಾಗೇ ನಡೆದಿತ್ತು. ಸೂಪರ್‌ವೈಸರ್ ಕೇಳಿದರೆ ಅಲ್ಲಿ ಕಲ್ಲಿದೆ, ಬ್ಲೇಡು ಹೋಗುತ್ತದೆ ಅಂತಿದ್ದ.

ಆ ಕ್ಯಾಮೆರಾದ ಗಂಡ ಹೆಂಡತಿ ಒಳ್ಳೆಯವರು. ಮರುದಿನ ಅವರೇ ಮಾತಾಡಿಸಿದರು. ಚಹಾ ಕುಡಿಸಿದರು. ಕಡಲ ಹದ್ದಿನ ಬಗ್ಗೆ ನನಗೆ ಗೊತ್ತಿಲ್ಲದ್ದನ್ನು ಹೇಳಿದರು. ಮೊದಲ ಸಲ ಯಾರೋ ನನ್ನ ಜೊತೆ ಹಕ್ಕಿಯ ಬಗ್ಗೆ ಸಮಕ್ಕೆ ಸಮ ಮಾತಾಡುತ್ತಿದ್ದಾರೆ ಅನ್ನುವ ಹಿಗ್ಗಿನಲ್ಲಿ ನಾನು ಗೂಡಿನ ಸುದ್ದಿ ಹೇಳಿಬಿಟ್ಟೆ. ನಮ್ಮ ಅಣ್ಣನಿಗೆ ಎಷ್ಟು ಗೊತ್ತು ನೋಡಿ ಅನ್ನುವ ಜಂಬವೂ ಇತ್ತು. ಅವರಿಗೆ ಬಹಳ ಸಂತೋಷವಾಯಿತು. ಗೂಡಿಗೆ ಅಪಾಯವಾಗಬಾರದು ಅಂತ ಒಳ್ಳೆಯ ಮನಸ್ಸಿನಿಂದಲೇ ಹೋಟೆಲಿನ ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರಿಗೂ ಸಂತೋಷವಾಯಿತು. ಗೂಡಿನ ಸುತ್ತ ಬಿಳಿ ಹಗ್ಗ ಕಟ್ಟಿಸಿ ಇಂಗ್ಲಿಷಿನಲ್ಲಿ ಒಂದು ಬೋರ್ಡು ಹಾಕಿಸಿದ. ಬೆಳಿಗ್ಗೆ ಅತಿಥಿಗಳು ಮಕ್ಕಳನ್ನು ಕರೆದುಕೊಂಡು ಬಂದು ಫೋನು ಹಿಡಿದು ನಿಂತರು. ತಾಯಿ ಹಕ್ಕಿ ಮೇಲೆ ಸುತ್ತುತ್ತಾ ಚೀರಿತು, ಇಳಿಯಲಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು. ಮೂರನೆಯ ದಿನಕ್ಕೆ ಮೊಟ್ಟೆಗಳು ಬಿಸಿಲಲ್ಲಿ ಬೆಂದು ಹೋಗಿದ್ದವು.

ಹಗ್ಗ ಕಟ್ಟುವಾಗ ಸೂಪರ್‌ವೈಸರ್ ಕೇಳಿದನಂತೆ, ಹತ್ತು ದಿನ ಇಲ್ಲಿ ಹುಲ್ಲು ಕತ್ತರಿಸಿಲ್ಲ, ಕಲ್ಲು ಅಂತ ಸುಳ್ಳು ಯಾಕೆ ಹೇಳಿದಿ ಅಂತ. ಮೂರು ದಿನದ ಕೂಲಿ ಹಿಡಿದರು. ರಾತ್ರಿ ಶೆಡ್ಡಿನಲ್ಲಿ ಅನ್ನ ಬಡಿಸುವಾಗ ಅಣ್ಣ ನನ್ನ ಮುಖ ನೋಡದೆ ಅಂದ:

‘ನೀ ಹೇಳಬಾರ್ದಿತ್ತು ತಮ್ಮಾ.’

‘ಅವ್ರು ಒಳ್ಳೆ ಮಂದಿ ಅಣ್ಣಾ.’

‘ಒಳ್ಳೆ ಮಂದಿನ ಅದಾರ. ಅದಕ್ಕ ಹೇಳಾಕತ್ತೀನಿ.’

ಈ ಮಾತನ್ನು ನಾನು ಅವತ್ತಿನಿಂದ ಜಗಿಯುತ್ತಿದ್ದೇನೆ. ಇಲ್ಲಿ ಕೆಟ್ಟವರು ಯಾರು? ದಂಪತಿಗಳು ಹಕ್ಕಿಯನ್ನು ಪ್ರೀತಿಸಿದರು. ಮ್ಯಾನೇಜರ್ ರಕ್ಷಣೆ ಕೊಟ್ಟ. ಅತಿಥಿಗಳು ಮಕ್ಕಳಿಗೆ ಪ್ರಕೃತಿ ತೋರಿಸಿದರು. ಹಕ್ಕಿ ಸತ್ತಿತು, ಅಣ್ಣನ ಕೂಲಿ ಹೋಯಿತು. ಆ ಹತ್ತು ದಿನ ಗೂಡು ಉಳಿದದ್ದು ಅದನ್ನು ಯಾರೂ ನೋಡದಂತೆ ಒಬ್ಬ ಕಾಯುತ್ತಿದ್ದದ್ದರಿಂದ. ಅವನು ಕಾಯುತ್ತಿದ್ದಾನೆ ಅನ್ನುವುದು ಯಾರಿಗೂ ಕಾಣಲಿಲ್ಲ. ಕಂಡಾಗ ಅದು ಸುಳ್ಳು, ಕೆಲಸಗಳ್ಳತನ ಆಗಿ ಕಂಡಿತು. ಬೇಲಿಯ ಒಳಗಿನ ಒಳ್ಳೆಯತನಕ್ಕೆ ಹಗ್ಗ, ಬೋರ್ಡು, ಅನುಮತಿ ಎಲ್ಲ ಇರುತ್ತದೆ. ಕೂಲಿಯವನ ಒಳ್ಳೆಯತನಕ್ಕೆ ಕದ್ದು ಬದುಕುವುದೊಂದೇ ದಾರಿ. ನಾನು ಓದಿದವನು, ನನಗೆ ಮೊದಲ ದಾರಿಯ ಮೇಲೆ ಆಸೆ ಹುಟ್ಟಿತ್ತು. ಚಹಾದ ಲೋಟ ಹಿಡಿದು ನಾನು ಅಣ್ಣನ ಗುಟ್ಟನ್ನು ಕೊಟ್ಟು ಅವರ ಸಮಕ್ಕೆ ಕೂತೆ. ಈ ಲೇಖನದಲ್ಲಿ ಕಾವಲುಗಾರನನ್ನು, ಟ್ರಂಪನನ್ನು ಬೈದದ್ದಕ್ಕಿಂತ ಇದನ್ನು ಬರೆಯುವುದು ನನಗೆ ಕಷ್ಟವಾಯಿತು.

ಊರಿಗೆ ಬಂದು ನಮ್ಮ ಸಂಘಟನೆಯ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಅವನು, ‘ಹಸಿದವರಿಗೆ ಹಕ್ಕಿ ಯಾಕಪ್ಪಾ? ಅದೆಲ್ಲ ಹೊಟ್ಟೆ ತುಂಬಿದವರ ಚಟ. ನೀನು ಆ ದುರ್ಬೀನು ವಾಪಸ್ ಕೊಡು’ ಅಂದ. ಅರ್ಧ ದಿನ ಅವನು ಸರಿ ಅನ್ನಿಸಿತು. ಆಮೇಲೆ ಮುತ್ಯಾ ನೆನಪಾದ. ಬಾರುಕೋಲಿನ ಕಥೆ ಹೇಳುತ್ತಲೇ ಅವನು ಆ ಗುಲಾಬಿ ಹಕ್ಕಿಯ ಹಿಂಡು ಬಿಸಿಲಿಗೆ ತಿರುಗಿದಾಗ ಹೇಗೆ ಕಾಣುತ್ತಿತ್ತು ಅಂತ ಎರಡೂ ಕೈ ಎತ್ತಿ ತೋರಿಸುತ್ತಿದ್ದ. ಒಂದು ಬೆಳಿಗ್ಗೆ ಕವಣೆ ಬೀಸದೆ ನೋಡುತ್ತಾ ನಿಂತುಬಿಟ್ಟೆ ಅಂತ ಒಮ್ಮೆ ಮಾತ್ರ ಹೇಳಿದ್ದ. ಅವತ್ತು ಎಷ್ಟು ಏಟು ಬಿತ್ತು ಅಂತ ಹೇಳಲಿಲ್ಲ. ಹೊಟ್ಟೆ ಖಾಲಿ ಇದ್ದ ಹುಡುಗ ಅವನು. ಅವನಿಗೆ ಆ ಗಳಿಗೆ ಯಾರೂ ದಾನ ಕೊಟ್ಟದ್ದಲ್ಲ. ಸೌಂದರ್ಯ ಉಂಡವರಿಗೆ ಮಾತ್ರ ಅನ್ನುವುದು ಉಂಡವರೇ ನಮಗೆ ಹೇಳಿಕೊಟ್ಟ ಪಾಠ, ಅದನ್ನು ನಾವು ಕ್ರಾಂತಿಯ ಮಾತು ಅಂತ ತಿರುಗಿ ಒಪ್ಪಿಸುತ್ತಿದ್ದೇವೆ. ಕೆರೆಯ ನೀರು ಬೇಕು ಅಂದವರು ಬಾಯಾರಿಕೆಗೆ ಮಾತ್ರ ಬೇಕು ಅನ್ನಲಿಲ್ಲ. ನನಗೆ ದಂಡೆ ಬೇಕು, ಕಡಲ ಹದ್ದು ಬೇಕು. ಅಣ್ಣನಿಗೆ ಡಬ್ಬಿಯ ಮೇಲಿನ ಹೆಸರು ಕನ್ನಡದಲ್ಲಿ ಬೇಕು, ಕೈಗವಸು ಬೇಕು, ಹಿಡಿದ ಕೂಲಿ ಬೇಕು. ಇವೆರಡರಲ್ಲಿ ಮೊದಲು ಯಾವುದು ಅಂತ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ದುರ್ಬೀನು ಇನ್ನೂ ನನ್ನ ಹತ್ತಿರವೇ ಇದೆ.

ಆ ಕಾವಲುಗಾರನ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಫೋನು ನೋಡಿ ಮುಗಿಸಿದ ಮೇಲೆ ಅವನು ಸುತ್ತ ಮುತ್ತ ನೋಡಿ, ‘ದಿಖಾವ್’ ಅಂದ. ದುರ್ಬೀನು ಕೊಟ್ಟೆ. ಅವನು ಹಕ್ಕಿ ನೋಡಲಿಲ್ಲ. ದೂರದಲ್ಲಿ ನಿಂತಿದ್ದ ಹಡಗನ್ನು ನೋಡಿದ, ಬಹಳ ಹೊತ್ತು. ಎರಡು ವರ್ಷದಿಂದ ಇಲ್ಲೇ ಇದ್ದೇನೆ, ಅದರ ಮೇಲೆ ಜನ ಓಡಾಡುವುದು ಕಾಣುತ್ತದೆ ಅಂತ ಗೊತ್ತಿರಲಿಲ್ಲ ಅಂದ.

ಜೂನ್ ತಿಂಗಳಲ್ಲಿ ಅಣ್ಣ ಫೋನು ಮಾಡಿದ್ದ. ಮಳೆ ಹಿಡಿದಿದೆ, ಆಟ ಬಂದಾಗಿದೆ, ಕೆಲಸ ಕಡಿಮೆ ಅಂದ. ಅವ್ವನ ಔಷಧಿ ಕೇಳಿದ. ಇಡುವ ಮುಂಚೆ, ಟಿಟ್ಟಿಭ ಮತ್ತೆ ಮೊಟ್ಟೆ ಇಟ್ಟಿದೆ ಅಂದ.

‘ಎಲ್ಲಿ ಅಂತ ಹೇಳಾಂಗಿಲ್ಲ’ ಅಂದ.

ನಾನೂ ಕೇಳಲಿಲ್ಲ.